ದೈವದ ಗುಡಿಯನ್ನು ಪೂರ್ತಿ ಶಿಲಾಮಯ ಮಾಡುವುದು ಸರಿಯಾ? ನಮ್ಮ ಕಡೆಯ ಗುಡಿಗಳ ಆಕಾರ ನಂಬಿಕೆಯಿಂದ ಬಂದದ್ದಾ, ಮಳೆಯಿಂದ ಬಂದದ್ದಾ?

ಕಾಪು ಕಡೆಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕುಟುಂಬದ ದೈವದ (ತುಳುನಾಡಿನಲ್ಲಿ ಭೂತ ಅಂತಲೂ ಹೇಳ್ತೇವಲ್ಲ, ಅದರ) ಗುಡಿ ಜೀರ್ಣೋದ್ಧಾರ ಆಗಬೇಕು ಅಂತ ಜ್ಯೋತಿಷ್ಯದ ಪ್ರಶ್ನೆಯಲ್ಲಿ ಕಂಡುಬಂದಿದೆ. ಈಗಿರುವುದು ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆ, ಮಾಡು ಹೊರುವ ಮರದ ಪಕಾಸು, ಹಂಚಿನ ಮಾಡು (ಛಾವಣಿ). ಬಾಗಿಲು ಎಷ್ಟು ತಗ್ಗು ಅಂದ್ರೆ ಬಗ್ಗದೆ ಒಳಗೆ ದೀಪ ಇಡಲು ಆಗುವುದಿಲ್ಲ. ಹೊಸ ನಕ್ಷೆಯಲ್ಲಿ ಎಲ್ಲ ಶಿಲೆ, ಮೇಲೆ ತಾಮ್ರದ ಹೊದಿಕೆ, ಎದುರಿಗೆ ಗೋಪುರ. ದುಡ್ಡು ಹೇಗೋ ಒಟ್ಟಾಗ್ತದೆ, ಮುಂಬೈಯಲ್ಲಿ ಇರುವವರು ಕೊಡ್ತೇವೆ ಅಂದಿದ್ದಾರೆ. ಆದರೆ ಹಿರಿಯರಲ್ಲಿ ಒಬ್ಬರು "ದೈವಕ್ಕೆ ಗೋಪುರ ಎಂತಕ್ಕೆ?" ಅಂತ ಕೇಳಿದರು, ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಳೆ ಗುಡಿ ಚಿಕ್ಕದಾಗಿ, ತಗ್ಗಾಗಿ ಇರುವುದಕ್ಕೆ ನಂಬಿಕೆಯೇ ಕಾರಣವಾ, ಅಥವಾ ಆಗ ದುಡ್ಡಿಲ್ಲ, ಮಳೆ ಜಾಸ್ತಿ, ಅಷ್ಟೇನಾ? ತಿಳಿದವರು ಹೇಳಿ.

ಮೂಡುಬಿದಿರೆ ಪೇಟೆ

ಮಳೆಯೇ ದೊಡ್ಡ ಕಾರಣ ಮಾರಾಯ್ರೆ. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರು ನಮ್ಮದು. ನಮ್ಮ ಸಾವಿರ ಕಂಬದ ಬಸದಿ ನೋಡಿ, 1430ರಲ್ಲಿ ಕಟ್ಟಿದ್ದು. ಕೆಳಗಿನ ಅಂತಸ್ತು ಕಲ್ಲು, ಮೇಲಿನದು ಮರ, ಒಂದರ ಮೇಲೊಂದು ಇಳಿಜಾರು ಮಾಡು. ಬೇಲೂರು ಹಳೇಬೀಡಿನ ಹಾಗೆ ಹೊರಗೋಡೆ ತುಂಬ ಕೆತ್ತಿ ಬಿಸಿಲು ಮಳೆಗೆ ಬಿಡಲಿಲ್ಲ ಇಲ್ಲಿನವರು. ಕೆತ್ತನೆಯೆಲ್ಲ ಮಾಡಿನ ಒಳಗೆ, ಕಂಬಗಳಲ್ಲಿ ಉಂಟು. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅಂತ ಬಂದವರಿಗೆಲ್ಲ ತೋರಿಸ್ತೇವಲ್ಲ, ಅದು ಮಾಡಿನ ಆಶ್ರಯದಲ್ಲಿ ಉಳಿದದ್ದು.

ಕಾರ್ಕಳದವಳು

ಮಳೆ ಒಂದರಿಂದಲೇ ಅಂತ ನಾನು ಒಪ್ಪುವುದಿಲ್ಲ ಅಣ್ಣ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ, ಇಲ್ಲೂ ಅದೇ ಮಳೆ, ಅದೇ ಜೈನ ಧರ್ಮ. ಆದರೆ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿಯಲ್ಲಿ ಮರದ ಮಾಡೇ ಇಲ್ಲ, ಬರೀ ಕಲ್ಲು. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ, ಈ ಮೂವರು ತೀರ್ಥಂಕರರು ನಿಂತಿರ್ತಾರೆ. ಆ ಕಟ್ಟಡಕ್ಕೆ ಹಿಂಭಾಗ ಅಂತಲೇ ಇಲ್ಲ. ಯಾಕೆ ಅಂದ್ರೆ, ಸಮವಸರಣದಲ್ಲಿ (ಉಪದೇಶದ ಸಭೆಯಲ್ಲಿ) ಕೂತು ಉಪದೇಶ ಮಾಡುವ ಜಿನ ನಾಲ್ಕು ಕಡೆಯವರಿಗೂ ಎದುರುಮುಖವಾಗಿಯೇ ಕಾಣ್ತಾನೆ ಅನ್ನುವುದು ನಂಬಿಕೆ. ಅದನ್ನೇ ಕಲ್ಲಿನಲ್ಲಿ ಕಟ್ಟಿದ್ದಾರೆ.

ಅಲ್ಲೇ ನಿಂತು ತಲೆ ಎತ್ತಿದರೆ ಗೊಮ್ಮಟ ಬೆಟ್ಟ ಕಾಣ್ತದೆ. ಅದರ ಮೇಲಿನ ಬಾಹುಬಲಿ 42 ಅಡಿ ಎತ್ತರ, 1432ರಿಂದ ಅಷ್ಟೂ ಮಳೆಗೆ ನೆನೆಯುತ್ತಾ ನಿಂತಿದ್ದಾನೆ. ಅವನಿಗೊಂದು ಮಾಡು ಹಾಕಲಿಕ್ಕೆ ಅರಸರಿಗೆ ಗೊತ್ತಿರಲಿಲ್ಲವಾ? ಬಾಹುಬಲಿ ಬಯಲಿನಲ್ಲೇ ತಪಸ್ಸಿಗೆ ನಿಂತವನು, ಬಳ್ಳಿ ಮೈಗೆ ಹಬ್ಬುವವರೆಗೆ. ಮಾಡು ಹಾಕಿದರೆ ಅವನು ಬಾಹುಬಲಿ ಆಗುವುದೇ ಇಲ್ಲ. ಮಾಡಿನ ಇಳಿಜಾರು ಮಳೆಯಿಂದ ಬರಬಹುದು, ಬಾಗಿಲು ಎಲ್ಲಿರಬೇಕು, ಮಾಡು ಬೇಕಾ ಬೇಡವಾ ಅನ್ನುವುದು ನಂಬಿಕೆಯಿಂದ ಬರ್ತದೆ.

ಮಂಗಳೂರು ಬಂದರು

ಅಕ್ಕ ಹೇಳಿದ್ದು ಸರಿ, ಆದರೆ ಮಾಡಿನ ಕಥೆಯಲ್ಲೂ ಧರ್ಮ ಉಂಟು. ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಹೋದವರಿಗೆ ಗೊತ್ತು, ಮರದ ಕಂಬ, ಮರದ ಕೆತ್ತನೆ, ಯಾವುದೋ ಹಳೆ ಗುತ್ತಿನ ಮನೆಯ (ಊರಿನ ದೊಡ್ಡ ಮನೆತನದ ಮನೆಯ) ಚಾವಡಿಗೆ ಬಂದ ಹಾಗೆ ಅನಿಸ್ತದೆ. ಪ್ರಾರ್ಥನೆಯ ದಿಕ್ಕು ಮಾತ್ರ ಬೇರೆ. ಇನ್ನು ನಾವೆಲ್ಲ "ನಮ್ಮ ಸಂಪ್ರದಾಯದ ಹಂಚು" ಅನ್ನುವ ಮಂಗಳೂರು ಹಂಚು ಶುರುವಾದದ್ದು 1865ರಲ್ಲಿ, ಬಾಸೆಲ್ ಮಿಶನ್‌ನ ಕಾರ್ಖಾನೆಯಲ್ಲಿ. ಮಿಶನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಜಾತಿಯ ಕಸುಬು ಹೋಯ್ತು, ಮನೆಯವರೂ ದೂರ ಮಾಡಿದರು, ಹೊಟ್ಟೆಪಾಡಿಗೆ ಕೆಲಸ ಬೇಕಿತ್ತು. ಅದಕ್ಕೆ ನೇಯ್ಗೆ ಬಂತು, ಆಮೇಲೆ ನೇತ್ರಾವತಿ ಕಡೆಯ ಆವೆಮಣ್ಣಿನ ಹಂಚು ಬಂತು. ಮತಾಂತರ ಆದವರ ಬದುಕಿಗೆ ಅಂತ ಸುಟ್ಟ ಹಂಚು ಕೊನೆಗೆ ದೇವಸ್ಥಾನ, ಮಸೀದಿ, ಇಗರ್ಜಿ, ದೈವದ ಗುಡಿ ಎಲ್ಲದರ ಮೇಲೂ ಕೂತಿತು. ಹಾಗಾಗಿ ನಿಮ್ಮ ಗುಡಿಯ ಈಗಿನ ಹಂಚು ತೀರಾ ಪುರಾತನ ಏನಲ್ಲ, ಅದನ್ನು ಬದಲಾಯಿಸಿದರೆ ಅಪಚಾರ ಅಂತ ಹೆದರಬೇಡಿ.

ಕುದ್ರೋಳಿ ಹತ್ತಿರ

ಎಲ್ಲರೂ ಮಾಡಿನ ಬಗ್ಗೆಯೇ ಮಾತಾಡ್ತಾ ಇದ್ದೀರಿ. ಬಾಗಿಲಿನ ಹೊರಗೆ ಯಾರನ್ನು ನಿಲ್ಲಿಸಿದರು ಅನ್ನುವುದೂ ವಾಸ್ತುವೇ ಅಲ್ವಾ? ಅಂಗಳದ ತನಕ ಇಂಥವರು, ಪೌಳಿಯ (ಸುತ್ತು ಕಟ್ಟಡದ) ಒಳಗೆ ಇಂಥವರು, ತೀರ್ಥಮಂಟಪದ ಹತ್ತಿರ ಇಂಥವರು ಅಂತ ಗೆರೆ ಹಾಕಿದ್ದು ಕಲ್ಲಿನಲ್ಲೇ. ಉಡುಪಿಯಲ್ಲಿ ಕನಕನ ಕಿಂಡಿ ಉಂಟು. ಒಳಗೆ ಬಿಡದ ಕನಕದಾಸರಿಗೆ ಕೃಷ್ಣ ಗೋಡೆಯ ಬಿರುಕಿನಲ್ಲಿ ದರ್ಶನ ಕೊಟ್ಟ ಅನ್ನುವ ಕಥೆ ಭಕ್ತಿಯಿಂದ ಹೇಳ್ತೇವೆ, ಹೇಳಲೇಬೇಕು. ಆದರೆ ಕಥೆಯೊಳಗೆ ಆ ಗೋಡೆಯೂ ಉಂಟಲ್ಲ, ಅದನ್ನು ಮರೆಯಬಾರದು.

ನಮ್ಮ ಬಿಲ್ಲವರಿಗೆ ದೇವಸ್ಥಾನದ ಒಳಗೆ ಪ್ರವೇಶ ಇರಲಿಲ್ಲ. ಕೊರಗಪ್ಪನವರ ಮುಂದಾಳತ್ವದಲ್ಲಿ ಹಿರಿಯರು ಕೇರಳಕ್ಕೆ ಹೋಗಿ ನಾರಾಯಣ ಗುರುಗಳನ್ನು ಕರೆದರು. 1912ರಲ್ಲಿ ಗುರುಗಳೇ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಮದ್ರಾಸ್ ಪ್ರಾಂತ್ಯದಲ್ಲಿ ದೇವಸ್ಥಾನ ಪ್ರವೇಶದ ಕಾಯಿದೆ ಬಂದದ್ದು 1947ರಲ್ಲಿ, ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಅಂದರೆ 35 ವರ್ಷ ಮೊದಲೇ ನಮ್ಮವರು ತಮ್ಮದೇ ಬಾಗಿಲು ಮಾಡಿಕೊಂಡರು. ಇವತ್ತು ಅಲ್ಲಿನ ಎತ್ತರದ ಗೋಪುರ ನೋಡಿ ಇದು ತಮಿಳುನಾಡಿನ ಶೈಲಿ, ನಮ್ಮ ಕಡೆಯದ್ದಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಆ ಮಾತು ನೋವು ಕೊಡ್ತದೆ. ತಲೆಮಾರುಗಟ್ಟಲೆ ಹೊರಗೆ ನಿಂತವರು ದೂರದಿಂದಲೇ ಕಾಣುವಂಥದ್ದನ್ನು ಕಟ್ಟಿದರೆ ಅದರಲ್ಲಿ ಅರ್ಥ ಉಂಟು. ಎಲ್ಲ ಗೋಪುರವೂ ಸುಮ್ನೆ ಆಡಂಬರ ಅಲ್ಲ.

ಬೆಳ್ತಂಗಡಿ ಗುತ್ತಿನವ

ಕುದ್ರೋಳಿಯ ಅಕ್ಕ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಉಂಟು. ಆದರೆ ದೈವದ ಗುಡಿಯ ಲೆಕ್ಕವೇ ಬೇರೆ. ದೇವಸ್ಥಾನದಲ್ಲಿ ದೇವರು ಒಳಗೆ ಇರ್ತಾನೆ, ನಾವು ಹೋಗಿ ನೋಡಿ ಬರ್ತೇವೆ. ದೈವ ಹಾಗಲ್ಲ, ಅಂಗಳಕ್ಕೆ ಬಂದು ನಮ್ಮ ಎದುರು ನಿಂತು ಮಾತಾಡ್ತದೆ. ಭಂಡಾರ (ದೈವದ ಸಾಮಾನು) ಇರುವುದು ಭಂಡಾರ ಮನೆಯಲ್ಲಿ, ನೇಮದ (ದೈವದ ಕೋಲದ) ದಿನ ಖಡ್ಸಲೆ (ಕತ್ತಿ), ಗಂಟೆ, ಮೊಗ (ಮುಖವಾಡ) ಎಲ್ಲ ಮೆರವಣಿಗೆಯಲ್ಲಿ ಗುಡಿಗೆ ಬರ್ತದೆ. ಗುಡಿಯೊಳಗೆ ಜನ ನಿಲ್ಲುವ ಕೆಲಸವೇ ಇಲ್ಲ. ಅದಕ್ಕೇ ಅದು ಚಿಕ್ಕದು, ತಗ್ಗು. ದೊಡ್ಡದಿರಬೇಕಾದದ್ದು ಎದುರಿನ ಅಂಗಳ. ನ್ಯಾಯ ಪಂಚಾತಿಗೆ ಆಗುವುದು, ಯಾರದ್ದೋ ಗಡಿಯ ಜಗಳಕ್ಕೆ ದೈವ ನುಡಿ ಕೊಡುವುದು, ಎಲ್ಲರೂ ಸುತ್ತ ನಿಂತು ಕೇಳುವುದು, ಎಲ್ಲವೂ ಆ ಅಂಗಳದಲ್ಲಿ.

ನಿಮ್ಮ ನಕ್ಷೆಯಲ್ಲಿ ಗೋಪುರ ಎಲ್ಲಿ ಬರ್ತದೆ ಅಂತ ಮೊದಲು ನೋಡಿ. ಅಂಗಳದ ಜಾಗ ತಿಂದರೆ ನೇಮ ನಡೆಯುವುದಾದರೂ ಎಲ್ಲಿ? ನಮ್ಮ ಹತ್ತಿರದ ಒಂದು ಕಡೆ ಇದೇ ಆಯ್ತು, ಈಗ ಜನ ರಸ್ತೆಯಲ್ಲಿ ನಿಂತು ನೋಡ್ತಾರೆ, ನುಡಿ ಯಾರಿಗೂ ಕೇಳಿಸುವುದಿಲ್ಲ, ಮೈಕ್ ಇಟ್ಟಿದ್ದಾರೆ. ನಾಗಬನದ್ದೂ ಇದೇ ಗತಿ. ಮರ, ಬಳ್ಳಿ, ಹುತ್ತ, ತಂಪು ಇದ್ದ ಕಡೆ ನಾಗ ಇರ್ತಾನೆ ಅಂತ ನಂಬಿದ್ದಕ್ಕೇ ಅಷ್ಟು ಕಾಡು ಉಳಿದದ್ದು. ಈಗ ಮರ ಕಡಿದು ಸಿಮೆಂಟು ಕಟ್ಟೆ ಕಟ್ಟಿ ಟೈಲ್ಸ್ ಹಾಕ್ತೇವೆ.

ಕಾಪು ಕಡೆಯವ

ಗುತ್ತಿನವರೇ, ನಕ್ಷೆ ತೆಗೆದು ನೋಡಿದೆ. ಗೋಪುರ ಬರುವುದು ಅಂಗಳದಲ್ಲೇ. ಹಳೆ ಮರ ಹಾಳಾಗಿದೆಯಲ್ಲ, ಶಿಲೆ ಅಲ್ಲದಿದ್ದರೆ ಬೇರೆ ಎಂತ ಮಾಡಬಹುದು?

ಬೆಳ್ತಂಗಡಿ ಗುತ್ತಿನವ

ಎಲ್ಲ ಮರ ಹಾಳಾಗಿರುವುದಿಲ್ಲ. ಹಂಚು ಇಳಿಸಿ ಒಳ್ಳೆ ಬಡಗಿಗೆ ತೋರಿಸಿ, ಸಾಮಾನ್ಯವಾಗಿ ನೀರು ಸೋರಿದ ಕಡೆಯ ಪಕಾಸಿನ ತುದಿ ಮಾತ್ರ ಕುಂಬಾಗಿರ್ತದೆ (ಕೊಳೆತಿರ್ತದೆ). ಕುಂಬಾದದ್ದನ್ನು ಬದಲಿಸಿ, ಬೇಕಾದರೆ ಮೇಲೆ ತಾಮ್ರ ಹೊದಿಸಿ, ಗೋಡೆ ಮುರಕಲ್ಲಿನದ್ದೇ ಇರಲಿ. ಏನೇ ಮಾಡಿದರೂ ಬಿಚ್ಚುವ ಮೊದಲು ಅಳತೆ, ಫೋಟೋ ಎಲ್ಲ ತೆಗೆದಿಡಿ. ಮತ್ತೆ ಪ್ರಶ್ನೆ ಇಡುವುದಾದರೆ ಗೋಪುರ ಬೇಕಾ ಅಂತಲೂ ಕೇಳಿಸಿ. ಜೀರ್ಣೋದ್ಧಾರ ಆಗಬೇಕು ಅಂತ ಬಂದದ್ದು ಸರಿ, ಗೋಪುರ ಆಗಬೇಕು ಅಂತ ಬಂದಿಲ್ಲ ಅಲ್ವಾ?