ಅಪ್‌ಡೇಟ್: ಬಿಸಿ ಜಾಕೆಟ್‌ಗೆ ಸ್ಕೂಟರಿನಿಂದ ವಿದ್ಯುತ್ ತೆಗೆಯಲಿಲ್ಲ

ಪುಣೆಯ ಕಾತ್ರಜ್‌ನಿಂದ ಹಿಂಜೆವಾಡಿಗೆ ಬೆಳಗ್ಗೆ ಆರಕ್ಕೆ ಹೊರಡುವ ನಾನು, ಬಿಸಿಯಾಗುವ ಜಾಕೆಟ್‌ಗೆ ಸ್ಕೂಟರಿನ ಬ್ಯಾಟರಿಯಿಂದಲೇ ವಿದ್ಯುತ್ ಕೊಡಬಹುದೇ ಎಂದು ನವೆಂಬರ್‌ನಲ್ಲಿ ಕೇಳಿದ್ದೆ. ಬೇಡವೆಂದು ತಡೆದವರಿಗೆಲ್ಲ ಮನಸಾರೆ ವಂದನೆ.

ನಾನು ನೋಡಿಟ್ಟಿದ್ದ 12 ವೋಲ್ಟ್ ಜಾಕೆಟ್‌ಗೆ 70 ವ್ಯಾಟ್ ಬೇಕು, ಅಂದರೆ ಸುಮಾರು 6 ಆಂಪಿಯರ್. ನನ್ನ ಸ್ಕೂಟರಿನ ಬ್ಯಾಟರಿ ಇರುವುದೇ 5 ಆಂಪಿಯರ್-ಅವರ್, ಅಂದರೆ ಈ ಜಾಕೆಟ್ ಒಂದಕ್ಕೇ ಗಂಟೆಯೊಳಗೆ ಖಾಲಿ. ಓಡುವಾಗ ಚಾರ್ಜ್ ಆಗುತ್ತದೆ ನಿಜ, ಆದರೆ ಸದಾ ಉರಿಯುವ ಹೆಡ್‌ಲೈಟ್ ಅದರಲ್ಲಿ ಒಂದು ಪಾಲು ನುಂಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಉತ್ಪಾದನೆ ಇನ್ನೂ ಕುಗ್ಗುತ್ತದೆ.

ಕೊನೆಗೆ 5 ವೋಲ್ಟ್, 2 ಆಂಪಿಯರ್‌ನ ತೋಳಿಲ್ಲದ ಜಾಕೆಟ್ ಕೊಂಡೆ. ಬರೀ 10 ವ್ಯಾಟ್, ಪವರ್ ಬ್ಯಾಂಕ್‌ನಿಂದಲೇ ನಡೆಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 37 ವ್ಯಾಟ್-ಅವರ್ ಇರುತ್ತದೆ. ಪರಿವರ್ತನೆಯಲ್ಲಿ ಸೋರಿಹೋಗುವುದನ್ನು ಕಳೆದರೂ ಸುಮಾರು ಮೂರು ಗಂಟೆ ಬರುತ್ತದೆ. ಹೋಗಿಬರಲು ಧಾರಾಳ.

ಮೊದಲ ವಾರ ಮಾತ್ರ ನಿರಾಸೆ. ಜಾಕೆಟ್ ಬಿಸಿಯಾಗಿದ್ದರೂ ಚಾಂದಣಿ ಚೌಕ್ ದಾಟುವಾಗ ಎದೆ ನಡುಗುತ್ತಿತ್ತು. ಅಷ್ಟು ಸಣ್ಣ ಬಿಸಿಯನ್ನು ಎದುರುಗಾಳಿ ಕ್ಷಣದಲ್ಲಿ ಕದ್ದೊಯ್ಯುತ್ತದೆ. ಮೇಲೊಂದು ರೈನ್‌ಕೋಟ್ ಹಾಕಿಕೊಂಡ ದಿನವೇ ಚಳಿ ಬಿಟ್ಟಿತು! ಬೆರಳುಗಳು ಇನ್ನೂ ಮರಗಟ್ಟುತ್ತಿವೆ. ಹ್ಯಾಂಡಲ್‌ಗೆ ಕಟ್ಟುವ ಕವಚ ಹುಡುಕುತ್ತಿದ್ದೇನೆ.