ಜೊಬೆರ್ತಿ, ರೊಸ್ಮಿನಿ, ಮಾಜಿನಿ: ಮೂವರನ್ನೂ ಒಂದೇ ಗುಂಪಿಗೆ ಸೇರಿಸಬಹುದೇ?

ಪ್ರಶ್ನೆ (ಬಳ್ಳಾರಿ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ಎಂ.ಎ. ರಾಜ್ಯಶಾಸ್ತ್ರದ ಸೆಮಿನಾರ್‌ಗೆ ‘ಇಟಲಿಯ ಚಿಂತಕರಲ್ಲಿ ಕಥೋಲಿಕ ವಿಚಾರ ಮತ್ತು ರಾಷ್ಟ್ರೀಯತೆ’ ಅನ್ನೋ ವಿಷಯ ಬಂದಿದೆ. ಪಠ್ಯದಲ್ಲಿ ಮಾಜಿನಿ ಬಗ್ಗೆ ಎರಡು ಪುಟ ಇದೆ. ಜೊಬೆರ್ತಿ, ರೊಸ್ಮಿನಿ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತವೆ. ಹತ್ತೊಂಬತ್ತನೇ ಶತಮಾನದ ಈ ಮೂವರೂ ದೇವರ ಮಾತು ಆಡುತ್ತಾರೆ, ಮೂವರಿಗೂ ಇಟಲಿಯ ಚಿಂತೆ. ಹಾಗಾದರೆ ‘ಕಥೋಲಿಕ ರಾಷ್ಟ್ರೀಯವಾದಿಗಳು’ ಅಂತ ಒಂದೇ ಭಾಗದಲ್ಲಿ ಇಡಬಹುದೇ? ಹಲವು ರಾಜ್ಯಗಳಾಗಿ ಹಂಚಿಹೋಗಿದ್ದ ಇಟಲಿಗೆ ಜೊಬೆರ್ತಿ ಸೂಚಿಸಿದ, ಪೋಪ್ ಅಧ್ಯಕ್ಷತೆಯ ಒಕ್ಕೂಟದ ಯೋಜನೆ 1848ರಲ್ಲಿ ಯಾಕೆ ಬಿದ್ದುಹೋಯಿತು? ಈ ಎಳೆಯೇ ಮುಂದೆ ಫ್ಯಾಸಿಸಂ ಆಯಿತು ಅಂತ ಬರೆದರೆ ತಪ್ಪಾಗುತ್ತಾ? ಮಂಡನೆಗೆ 20 ನಿಮಿಷ ಕೊಟ್ಟಿದ್ದಾರೆ.

ಉತ್ತರ 1 (ರಾಯಚೂರು, ಉಪನ್ಯಾಸಕ)

ಮೊದಲು ಮಾಜಿನಿಯನ್ನು ಆ ಗುಂಪಿನಿಂದ ಹೊರಗಿಡಿ ತಂಗಿ. ‘ದೇವರು ಮತ್ತು ಜನ’ ಎಂಬುದು ಅವರ ಘೋಷಣೆ, ನಿಜ. ಆದರೆ ಆ ದೇವರು ಮಾತಾಡುವುದು ಜನರ ಮೂಲಕ; ನಡುವೆ ಪೋಪ್ ಇಲ್ಲ, ಪಾದ್ರಿ ಇಲ್ಲ. ಅವರಿಗೆ ಬೇಕಿದ್ದದ್ದು ಒಕ್ಕೂಟವಲ್ಲ, ಅಖಂಡ ಗಣರಾಜ್ಯ. 1849ರ ಫೆಬ್ರುವರಿ 9ರಂದು ರೋಮ್ ಮತ್ತು ಸುತ್ತಲ ನಾಡಿನ ಮೇಲೆ ಪೋಪರು ಅರಸರಂತೆ ನಡೆಸುತ್ತಿದ್ದ ಲೌಕಿಕ ಆಡಳಿತವನ್ನು ರದ್ದುಮಾಡಿದ ರೋಮನ್ ಗಣರಾಜ್ಯಕ್ಕೆ ಮುಂದಿನ ತಿಂಗಳು ತ್ರಿಮೂರ್ತಿ ಆಡಳಿತಗಾರರಲ್ಲಿ ಒಬ್ಬರಾದವರು ಇದೇ ಮಾಜಿನಿ. ಧಾರ್ಮಿಕ ಮನಸ್ಸಿನ ರಾಷ್ಟ್ರೀಯವಾದಿ ಎನ್ನಿ, ಕಥೋಲಿಕ ಎನ್ನಬೇಡಿ.

ಜೊಬೆರ್ತಿ ಟ್ಯೂರಿನ್‌ನ ಪಾದ್ರಿ. 1833ರಲ್ಲಿ ಬಂಧನವಾಗಿ ದೇಶ ಬಿಟ್ಟರು. 1843ರಲ್ಲಿ ಬ್ರಸೆಲ್ಸ್‌ನಿಂದ ‘ಪ್ರಿಮಾತೊ’ (ಹಿರಿತನ) ಎಂಬ ಪುಸ್ತಕ ಪ್ರಕಟಿಸಿದರು. ವಾದ ಸಾಗುವುದು ಹೀಗೆ: ಯುರೋಪಿನ ನಾಗರಿಕತೆಯನ್ನು ಕಟ್ಟಿದ್ದು ಧರ್ಮಸಭೆ, ಧರ್ಮಸಭೆಯ ಪೀಠ ಇರುವುದು ಇಟಲಿಯಲ್ಲಿ, ಆದ್ದರಿಂದ ನೈತಿಕ ಹಿರಿತನ ಇಟಲಿಯದು. ಅದನ್ನು ಮತ್ತೆ ಪಡೆಯಲು ದಂಗೆಯೂ ಬೇಡ, ಹೊರಗಿನವರ ನೆರವೂ ಬೇಡ. ಈಗಿರುವ ಅರಸರು ತಮ್ಮ ಸಿಂಹಾಸನದಲ್ಲೇ ಇರಲಿ, ಪೋಪರ ಅಧ್ಯಕ್ಷತೆಯಲ್ಲಿ ಒಕ್ಕೂಟವಾಗಲಿ, ಸೇನಾಬಲ ವಾಯವ್ಯ ಇಟಲಿಯ ರಾಜ್ಯವಾದ ಪೀಡ್‌ಮಾಂಟ್‌ನದಾಗಲಿ. ಈ ಪುಸ್ತಕ ಅಷ್ಟು ಹರಡಲು ಕಾರಣವೂ ಇದರಲ್ಲೇ ಇದೆ. ಮಾಜಿನಿಯ ದಂಗೆಗಳಿಗೆ ಹೆದರಿದ್ದ ಕಥೋಲಿಕ ಮಧ್ಯಮವರ್ಗಕ್ಕೆ, ಪಾಪಭೀತಿಯಿಲ್ಲದೆ ದೇಶಾಭಿಮಾನಿಯಾಗುವ ದಾರಿ ಮೊದಲ ಸಲ ಸಿಕ್ಕಿತು.

ಆದರೆ ಲೊಂಬಾರ್ಡಿ ಮತ್ತು ವೆನಿಸನ್ನು ಆಳುತ್ತಿದ್ದ ಆಸ್ಟ್ರಿಯಾವನ್ನು ಏನು ಮಾಡಬೇಕು ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಮರುವರ್ಷ ಇನ್ನೊಬ್ಬ ಇಟಲಿಯ ಲೇಖಕ ಚೆಸಾರೆ ಬಾಲ್ಬೊ ಅದನ್ನೇ ಕೈಗೆತ್ತಿಕೊಂಡು, ಆಸ್ಟ್ರಿಯಾ ಹೋಗದೆ ಒಕ್ಕೂಟ ಸಾಧ್ಯವಿಲ್ಲ, ಅದಕ್ಕೆ ಬಾಲ್ಕನ್ ಕಡೆ ಜಾಗ ಸಿಕ್ಕರೆ ಇಟಲಿ ಬಿಡಬಹುದು ಎಂದರು.

1846ರಲ್ಲಿ ಒಂಬತ್ತನೇ ಪಿಯುಸ್ ಪೋಪ್ ಆಗಿ ರಾಜಕೀಯ ಕೈದಿಗಳಿಗೆ ಕ್ಷಮಾದಾನ ಕೊಟ್ಟಾಗ, ಜನ ಅವರಲ್ಲಿ ಜೊಬೆರ್ತಿಯ ಪೋಪನ್ನೇ ಕಂಡರು. 1848ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ವಿರುದ್ಧ ಪೀಡ್‌ಮಾಂಟ್‌ನ ಯುದ್ಧ ಶುರುವಾಯಿತು, ಪೋಪರ ರೋಮಿನ ಪಡೆಯೂ ಉತ್ತರಕ್ಕೆ ಹೊರಟಿತು. ಏಪ್ರಿಲ್ 29ರಂದು ಪೋಪ್ ತಾವು ಆಸ್ಟ್ರಿಯಾ ವಿರುದ್ಧ ಯುದ್ಧ ಮಾಡುವುದಿಲ್ಲ ಎಂದುಬಿಟ್ಟರು. ಇದನ್ನು ಬರೀ ಹೇಡಿತನ ಅಂತ ಬರೆಯಬೇಡಿ. ಎರಡೂ ಊರಲ್ಲಿ ಭಕ್ತರಿರುವ ಮಠದ ಸ್ವಾಮಿಗಳು ಆ ಊರುಗಳ ಹೊಡೆದಾಟದಲ್ಲಿ ಒಂದು ಕಡೆ ನಿಲ್ಲಲು ಹೇಗೆ ಆಗುವುದಿಲ್ಲವೋ ಹಾಗೆಯೇ, ಆಸ್ಟ್ರಿಯಾದ ಕಥೋಲಿಕರಿಗೂ ಅವರೇ ತಂದೆ. ರಾಷ್ಟ್ರದ ಅಧ್ಯಕ್ಷನಿಗೆ ಶತ್ರು ಇರಬಹುದು, ವಿಶ್ವಧರ್ಮದ ಗುರುವಿಗೆ ಇರುವಂತಿಲ್ಲ. ಯೋಜನೆ ಮುರಿದದ್ದು ಇದೇ ಕೀಲಿನಲ್ಲಿ. ನವೆಂಬರ್ 15ರಂದು ಪೋಪರ ಮಂತ್ರಿ ಪೆಲ್ಲೆಗ್ರಿನೊ ರೊಸ್ಸಿಯ ಕೊಲೆಯಾಯಿತು, 24ರಂದು ಪೋಪ್ ನೇಪಲ್ಸ್ ರಾಜ್ಯದ ಗಯೇಟಾಕ್ಕೆ ಓಡಿದರು.

ಸ್ವತಃ ಜೊಬೆರ್ತಿಯೂ 1851ರ ‘ರಿನ್ನೊವಮೆಂತೊ’ (ನವೀಕರಣ) ಪುಸ್ತಕದಲ್ಲಿ ಪೋಪರ ಮೇಲಿನ ಆಸೆ ಬಿಟ್ಟು ಪೀಡ್‌ಮಾಂಟ್ ಕಡೆ ತಿರುಗಿದರು. 1843ರ ಸಾಲುಗಳನ್ನೇ ಅವರ ಕೊನೆಯ ಮಾತೆಂದು ಉಲ್ಲೇಖಿಸುವುದು ಬಹಳ ಸಲ ಆಗುವ ತಪ್ಪು. ಪ್ರತಿ ಉಲ್ಲೇಖದ ಪಕ್ಕ ಇಸವಿ ಹಾಕಿ.

ಉತ್ತರ 2 (ಕೊಪ್ಪಳ)

ಸರ್ ಹೇಳಿದ್ದು ಖರೇ ಐತಿ. ಆದ್ರ ಪಾದ್ರಿ, ತತ್ವಜ್ಞಾನಿ ರೊಸ್ಮಿನಿನ ಜೊಬೆರ್ತಿ ಬಾಲ ಮಾಡಬ್ಯಾಡ್ರಿ. 1848ರಾಗ ಪೀಡ್‌ಮಾಂಟ್ ಸರ್ಕಾರ ರೊಸ್ಮಿನಿನ ರೋಮಿಗೆ ಕಳಿಸಿದಾಗ ಅವರೂ ಒಕ್ಕೂಟದ ಕರಡು ತಯಾರು ಮಾಡಿದ್ರು. ಸರ್ಕಾರಕ್ಕ ಬೇಕಾಗಿದ್ದು ಸೈನಿಕ ಮೈತ್ರಿ ಅಷ್ಟ. ಅದಕ್ಕ ರಾಜೀನಾಮೆ ಕೊಟ್ರು.

ಅವರ ಅಸಲಿ ಪ್ರಶ್ನೆ ಬ್ಯಾರೆ: ಧರ್ಮಸಭೆ ಸರ್ಕಾರದ ಕೈಯಿಂದ ಬಿಡುಗಡೆ ಆಗೋದು ಹೆಂಗ? ಧರ್ಮಸಭೆಯ ಕೊರತೆಗಳ ಬಗ್ಗೆ ಅವರ ಪುಸ್ತಕ ‘ಐದು ಗಾಯಗಳು’ 1832ರಾಗ ಬರೆದದ್ದು, ಅಚ್ಚಾದದ್ದು 1848ರಾಗ. ಆ ಐದು ಇವು: ಬಲಿಪೂಜೆಯೊಳಗ ಜನ ಮತ್ತು ಗುರುಗಳ ನಡುವೆ ಬಿದ್ದ ಅಂತರ, ಗುರುಗಳ ಶಿಕ್ಷಣದ ಕೊರತೆ, ಧರ್ಮಾಧ್ಯಕ್ಷರೊಳಗ (ಬಿಷಪ್ಪರೊಳಗ) ಒಗ್ಗಟ್ಟಿಲ್ಲದ್ದು, ಅವರ ನೇಮಕ ಅರಸರ ಕೈಗೆ ಹೋಗಿದ್ದು, ಧರ್ಮಸಭೆ ಆಸ್ತಿ ರಾಜ್ಯಕ್ಕ ಅಡಿಯಾಳಾಗಿದ್ದು. ನಿಮ್ಮ ವಿಷಯಕ್ಕ ನಾಕನೇ ಗಾಯ ಮುಖ್ಯ. ಲೊಂಬಾರ್ಡಿ-ವೆನಿಸಿನ ಧರ್ಮಾಧ್ಯಕ್ಷರನ್ನ ಹೆಸರಿಸೋದು ಆಸ್ಟ್ರಿಯಾ ಚಕ್ರವರ್ತಿ. ಹಿಂಗಾಗಿ ಧರ್ಮಸಭೆಯ ಸ್ವಾತಂತ್ರ್ಯ ಕೇಳಿದ್ರ ಆಸ್ಟ್ರಿಯಾಕ್ಕ ಅದು ರಾಜಕೀಯ ಬಂಡಾಯ ಅನಿಸ್ತಿತ್ತು. 1849ರಾಗ ಪುಸ್ತಕ ಧರ್ಮಸಭೆಯ ನಿಷೇಧಿತ ಪುಸ್ತಕಗಳ ಪಟ್ಟಿಗೆ ಹೋತು. 2007ರಾಗ ಅದೇ ಧರ್ಮಸಭೆ ಅವರನ್ನ ‘ಧನ್ಯ’ (ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗ) ಅಂತ ಸಾರಿತು. ಈ ನ್ಯಾಯ ಸಿಗಾಕ ನೂರೈವತ್ತು ವರ್ಷ ಹಿಡೀತಲ್ಲ ಅಂತ ಸಂಕಟ ಆಗ್ತೈತಿ.

ವಿರುದ್ಧ ದನಿಯೊಂದು ಬೇಕಂದ್ರ ಜೆಸ್ವಿತ್ ಪಾದ್ರಿ ಲುಯಿಜಿ ತಪರೆಲ್ಲಿನ ಹಿಡೀರಿ. ಒಂದು ಜನಾಂಗ ಅಂದ ಮಾತ್ರಕ್ಕ ಸ್ವತಂತ್ರ ರಾಜ್ಯದ ಹಕ್ಕು ತಾನಾಗೇ ಬರೂದಿಲ್ಲ ಅಂತ 1847ರಾಗ ವಾದಿಸ್ಯಾರ. ಕಥೋಲಿಕರೆಲ್ಲ ಒಂದ ಮಾತು ಆಡ್ತಿದ್ರು ಅನ್ನೋ ಭ್ರಮೆ ಇದರಿಂದ ಹೋಗ್ತೈತಿ.

ಬಳ್ಳಾರಿ ವಿದ್ಯಾರ್ಥಿನಿ

ತುಂಬಾ ಧನ್ಯವಾದ ಸರ್, ಅಣ್ಣಾ. ಫ್ಯಾಸಿಸಂ ಪ್ರಶ್ನೆ ಉಳಿಯಿತು.

ಉತ್ತರ 3 (ಸಿಂಧನೂರು)

ನೇರ ಗೆರೆ ಎಳೆಯಬೇಡಿ, ನಡುವೆ ಎಂಬತ್ತು ವರ್ಷಗಳಿವೆ. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ರೋಮನ್ನು ವಶಪಡಿಸಿಕೊಂಡಿತು. ಮರುವರ್ಷದ ಕಾನೂನಿನಲ್ಲಿ ಪೋಪರಿಗೆ ವರ್ಷಕ್ಕೆ 32,25,000 ಲಿರಾ ಕೊಡುತ್ತೇವೆಂದು ಸರ್ಕಾರ ಹೇಳಿದರೂ ಅವರು ಒಪ್ಪಲಿಲ್ಲ. ಕಥೋಲಿಕರು ಸಂಸತ್ ಚುನಾವಣೆಯಿಂದ ದೂರ ಇರಬೇಕೆಂಬ ಪೋಪರ ಆದೇಶ ದಶಕಗಳ ಕಾಲ ನಡೆದು, ಪೂರ್ತಿ ತೆರವಾದದ್ದು 1919ರಲ್ಲಿ. ಅದೇ ವರ್ಷ ಜನವರಿ 18ರಂದು ಪಾದ್ರಿ ಲುಯಿಜಿ ಸ್ತುರ್ಜೊ ‘ಪಾಪ್ಯುಲರ್’ ಪಕ್ಷ ಕಟ್ಟಿದರು. ರಾಷ್ಟ್ರವೇ ಎಲ್ಲಕ್ಕಿಂತ ಮೇಲು ಎಂಬುದನ್ನು ಅವರು ಕಥೋಲಿಕ ನೆಲೆಯಲ್ಲೇ ನಿಂತು ತಿರಸ್ಕರಿಸಿದರು, 1924ರಲ್ಲಿ ದೇಶ ಬಿಡಬೇಕಾಯಿತು. ಕಥೋಲಿಕರಲ್ಲಿ ಮುಸೊಲಿನಿಯ ಜೊತೆ ಹೋದವರೂ ಇದ್ದರು, ಅದನ್ನೂ ಮುಚ್ಚಿಡಬೇಡಿ.

ಗೊಂದಲದ ಮೂಲ ಜೊವಾನ್ನಿ ಜೆಂತಿಲೆ. 1898ರಲ್ಲಿ ಅವರ ‘ರೊಸ್ಮಿನಿ ಮತ್ತು ಜೊಬೆರ್ತಿ’ ಪ್ರಕಟವಾಯಿತು, ಮುಂದೆ ಅವರು ಫ್ಯಾಸಿಸಂನ ತತ್ವಜ್ಞಾನಿಯಾದರು. ಪೋಪರ ಒಕ್ಕೂಟ ಕೇಳಿದ ಜೊಬೆರ್ತಿ ಅಲ್ಲಿ ಐಡಿಯಲಿಸ್ಟ್ (ವಾಸ್ತವದ ಮೂಲ ಮನಸ್ಸು ಅಥವಾ ಚೇತನ ಎನ್ನುವ) ತತ್ವಜ್ಞಾನಿಯಾಗಿ ಕಾಣುತ್ತಾರೆ. ಆದ್ದರಿಂದ ‘ಜೆಂತಿಲೆ ಓದಿದ ಜೊಬೆರ್ತಿ’ ಎಂದೇ ಬರೆಯಿರಿ. ಮುಸೊಲಿನಿಯ ಸರ್ಕಾರ ಮತ್ತು ಪೋಪರ ನಡುವಿನ 1929ರ ಲ್ಯಾಟರನ್ ಒಪ್ಪಂದವನ್ನೂ ಜೊಬೆರ್ತಿಯ ಕನಸು ನನಸಾದದ್ದೆಂದು ತೋರಿಸಬೇಡಿ. ಅಲ್ಲಿ ಪೋಪರಿಗೆ ಸಿಕ್ಕಿದ್ದು ಅರ್ಧ ಚದರ ಕಿಲೋಮೀಟರಿಗೂ ಕಡಿಮೆ ಜಾಗದ ಸ್ವತಂತ್ರ ರಾಜ್ಯ, ಇಟಲಿಯ ಅಧ್ಯಕ್ಷತೆಯಲ್ಲ.

ಮಂಡನೆಯಲ್ಲಿ ಮಾಜಿನಿಗೆ 2 ನಿಮಿಷ, ಜೊಬೆರ್ತಿ ಮತ್ತು 1848ಕ್ಕೆ 8, ರೊಸ್ಮಿನಿ ಮತ್ತು ತಪರೆಲ್ಲಿಗೆ 6, 1870ರ ನಂತರದ್ದಕ್ಕೆ ಉಳಿದ 4. ಏಪ್ರಿಲ್ 29ರ ಮಾತಿಗೆ ಬಂದಾಗ ಅವಸರ ಮಾಡಬೇಡಿ; ಪ್ರಶ್ನೆಗಳು ಬರುವುದು ಅಲ್ಲಿಂದಲೇ.