ಸಹಾಯ ಬೇಕು: ಮೆಶ್ ಆಪರೇಷನ್ ಆದ ಮೇಲೆ ಗಂಡ ಹೆಂಡತಿ ಇಬ್ಬರಿಗೂ ನೋವು

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ 49 ವರ್ಷ. ಗರ್ಭಕೋಶ ಜಾರಿತ್ತು, ಮೂತ್ರಚೀಲವೂ ಕೆಳಗೆ ಇಳಿದಿತ್ತು. ಎರಡು ವರ್ಷದ ಹಿಂದೆ ಯೋನಿಯ ಮೂಲಕ ಮೆಶ್ ಹಾಕಿ ಆಪರೇಷನ್ ಮಾಡಿದರು. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಎಳೆಯ ಬಲೆ ಅದು. ಜಾರುವ ತೊಂದರೆ ನಿಜವಾಗಿಯೂ ಹೋಯಿತು. ಆದರೆ ಈಗ ಗಂಡನ ಜೊತೆ ಸೇರಿದರೆ ಒಳಗೆ ಕುಯ್ದ ಹಾಗೆ ನೋವು, ಆಮೇಲೆ ರಕ್ತದ ಕಲೆ. ಹೋದ ತಿಂಗಳು ಅವರಿಗೂ ಗೀರಿದ ಗಾಯವಾಯಿತು. "ಮೀನಿನ ಮುಳ್ಳು ಚುಚ್ಚಿದ ಹಾಗಾಯ್ತು ಕಣೇ" ಎಂದರು. ಅಂದಿನಿಂದ ಹತ್ತಿರ ಬರೋಕೆ ಇಬ್ಬರಿಗೂ ಭಯ.

ಮೊದಲು ಹೋದ ಡಾಕ್ಟರ್ "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ" ಎಂದುಬಿಟ್ಟರು. ಆಚೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಎರಡನೆಯವರು ಸರಿಯಾಗಿ ಪರೀಕ್ಷೆ ಮಾಡಿದರು. ಮೆಶ್‌ನ ಅಂಚು ಯೋನಿಯ ಗೋಡೆ ದಾಟಿ ಹೊರಗೆ ಬಂದಿದೆಯಂತೆ. ಈಸ್ಟ್ರೋಜನ್ ಕ್ರೀಮ್ ಕೊಟ್ಟಿದ್ದಾರೆ. ಅದರಲ್ಲಿ ವಾಸಿಯಾಗದಿದ್ದರೆ ಆ ಭಾಗ ಕತ್ತರಿಸಿ ತೆಗೆಯಬೇಕಂತೆ. ಜಾರುವ ತೊಂದರೆಗೆ ಹೀಗೆ ಯೋನಿಯ ಮೂಲಕ ಹಾಕುವ ಮೆಶ್ ಮಾರುವುದನ್ನು ನಿಲ್ಲಿಸಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಕಂಪನಿಗಳಿಗೆ ಹೇಳಿತ್ತು. ನನಗೆ ಇದನ್ನು ಯಾರೂ ಹೇಳಲಿಲ್ಲ.

ಬೆಂಗಳೂರು, ಮೈಸೂರು, ಮಂಗಳೂರು ಕಡೆ ಮೆಶ್ ತೆಗೆದು ಅನುಭವ ಇರುವ ಯೂರೋಗೈನಕಾಲಜಿಸ್ಟ್ (ಹೆಂಗಸರ ಮೂತ್ರಚೀಲ, ಗರ್ಭಕೋಶ ಜಾರುವ ತೊಂದರೆ ನೋಡುವ ಡಾಕ್ಟರ್) ಗೊತ್ತಿದ್ದರೆ ತಿಳಿಸಿ. ಡಿಸ್ಚಾರ್ಜ್ ಫೈಲಿನಲ್ಲಿ ಮೆಶ್ ಸ್ಟಿಕರ್, ಲಾಟ್ ನಂಬರ್ ಎಲ್ಲ ಇದೆ. ತೆಗೆಸಿಕೊಂಡವರು ಯಾರಾದರೂ ಇದ್ದೀರಾ? ನೋವು ಪೂರ್ತಿ ಹೋಯಿತಾ? ಮತ್ತೆ ಜಾರಿತಾ? ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಯಿಂದ (ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ) ಉಪಯೋಗ ಆಯಿತಾ?

ನಮ್ಮ ಯಜಮಾನರೂ ಇದನ್ನು ಓದುತ್ತಾರೆ. ಹೆಂಡತಿಗೆ ಹೀಗಾಗಿದ್ದ ಗಂಡಸರು ಇದ್ದರೆ ದಯವಿಟ್ಟು ಅವರಿಗೂ ಎರಡು ಮಾತು ಬರೆಯಿರಿ. ಅವರು ಯಾರ ಹತ್ತಿರವೂ ಹೇಳಿಕೊಂಡಿಲ್ಲ.